ಮಸಿಬಟ್ಟೆಯ ಒಳಗೆ ಏನಿರಬೇಕು?

ಮುದ್ದೆ ಪಾತ್ರೆ ಇಳಿಸೋ ಮಸಿಬಟ್ಟೆ ಮನೆಯಲ್ಲೇ ಹೊಲೀತೀರಾ? ಒಳಗೆ ದಿಂಬಿನ ಪಾಲಿಯೆಸ್ಟರ್ ತುಂಬಬೇಡಿ. ಅದು ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ, ಚರ್ಮಕ್ಕೆ ಅಂಟಿದ್ರೆ ಕೈ ಸುಡುತ್ತೆ.

ಗುರುತಿಸೋದು ಹೇಗೆ? ಸ್ಟೀಲ್ ತಟ್ಟೆ ಮೇಲೆ, ಇಕ್ಕಳದಲ್ಲಿ ಒಂದೆಳೆ ಹಿಡಿದು ಬೆಂಕಿ ತಾಗಿಸಿ. ಕರಗಿ ಗಟ್ಟಿ ಮಣಿಯಾದ್ರೆ ಪಾಲಿಯೆಸ್ಟರ್. ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ ಬಂದ್ರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದು, ಕರಿ ಪುಡಿಯಾದ್ರೆ ಉಣ್ಣೆ ಇಲ್ಲವೇ ರೇಷ್ಮೆ.

ಕುಂತೂರಿನವರೇ, ನಮ್ಮ ಕೊಳ್ಳೇಗಾಲ ರೇಷ್ಮೆಗೆ ಹೆಸರಾದ ಊರು. ರೇಷ್ಮೆ ಕರಗಲ್ಲ ನಿಜ, ಆದ್ರೆ ತೆಳು. ಹಾಗಾಗಿ ನಡುವೆ ಹಳೇ ಉಣ್ಣೆ ಕಂಬಳಿ ತುಂಡು ಇಡಿ. ಎರಡೂ ಕಡೆ ಹತ್ತಿ ಟವೆಲ್ ಮಡಚಿ, ಹತ್ತಿ ದಾರದಲ್ಲೇ ಹೊಲಿಯಿರಿ.

ಒದ್ದೆ ಬಟ್ಟೆಯಲ್ಲಿ ಬಿಸಿ ಪಾತ್ರೆ ಹಿಡೀಲೇಬೇಡಿ. ನೀರು ಶಾಖವನ್ನ ಬೇಗ ಕೈಗೆ ದಾಟಿಸುತ್ತೆ. ಒಣಗಿಸಿಯೇ ಬಳಸಿ.