‘ಚೆನ್ನಾಗಿದೆ’ ಎಂದರೆ ಸಾಕೇ?

ಮಳೆಗಾಲದ ಒಂದು ಸಂಜೆ. ಒಂಬತ್ತನೇ ತರಗತಿಯ ನನ್ನ ವಿದ್ಯಾರ್ಥಿನಿಯೊಬ್ಬಳು ತಾಯಿಯೊಂದಿಗೆ ನಮ್ಮ ಮನೆಗೆ ಬಂದಿದ್ದಳು. ದೊಡ್ಡವರು ಕಾಫಿ ಕುಡಿಯುತ್ತಾ ಮಾತಾಡುತ್ತಿದ್ದಾಗ ಅವಳು ಮೆಲ್ಲನೆ ಮೊಬೈಲನ್ನು ನನ್ನ ಮುಂದೆ ಹಿಡಿದಳು. ಅವಳೇ ಬಿಡಿಸಿದ ಚಿತ್ರ. ಎಂಟು ಮೂಲೆಗಳ ನಕ್ಷತ್ರಗಳು, ನಡುನಡುವೆ ಚೌಕ, ತ್ರಿಕೋನಗಳು. ಮನುಷ್ಯನಿಲ್ಲ, ಮರವಿಲ್ಲ, ಹೂವಿಲ್ಲ.

ನಾನು ಒಮ್ಮೆ ಕಣ್ಣು ಹಾಯಿಸಿ, “ಮಾಶಾ ಅಲ್ಲಾಹ್, ತುಂಬಾ ಚೆನ್ನಾಗಿದೆ” ಎಂದೆ.

“ಯಾವುದು ಚೆನ್ನಾಗಿದೆ ಸರ್?” ಎಂದು ಅವಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅವಳ ಉಮ್ಮ ನಕ್ಕು, “ಅದರಲ್ಲಿ ಏನಿದೆ ಸರ್, ನೆಲಕ್ಕೆ ಹಾಕುವ ಟೈಲ್ಸಿನ ಹಾಗಿದೆ. ಓದುವ ಹೊತ್ತು ಅದರಲ್ಲೇ ಹೋಗುತ್ತದೆ” ಎಂದರು. ಹುಡುಗಿ ಮೊಬೈಲನ್ನು ಮಗುಚಿ ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಹಲವು ವಾರ ಅವಳು ನನಗೆ ಯಾವ ಚಿತ್ರವನ್ನೂ ತೋರಿಸಲಿಲ್ಲ.

ನಾನು ಹೊಗಳಿದೆ, ತಾಯಿ ತೆಗಳಿದರು. ಆದರೆ ನಮ್ಮಿಬ್ಬರ ತಪ್ಪು ಒಂದೇ. ಇಬ್ಬರೂ ಚಿತ್ರವನ್ನು ನೋಡಿರಲಿಲ್ಲ.

ಚುಕ್ಕಿಯ ಅಳತೆ

ಆ ರಾತ್ರಿ ನನಗೆ ಅರಬಿ ಅಕ್ಷರ ಕಲಿತ ದಿನಗಳು ನೆನಪಾದವು. ಅರಬಿ ಸುಂದರ ಬರಹದಲ್ಲಿ ಅಕ್ಷರವನ್ನು ಅಳೆಯುವುದು ಚುಕ್ಕಿಯಿಂದ. ಲೇಖನಿಯನ್ನು ಒತ್ತಿದಾಗ ಮೂಡುವ ಚುಕ್ಕಿಯೇ ಅಳತೆಗೋಲು. ಅಲಿಫ್ ಎಷ್ಟು ಚುಕ್ಕಿ ಎತ್ತರ, ಬಾ ಎಷ್ಟು ಚುಕ್ಕಿ ಅಗಲ ಎಂಬುದಕ್ಕೆ ಲೆಕ್ಕವಿದೆ. ಈ ಕ್ರಮಕ್ಕೆ ಕ್ರಿ.ಶ. 940ರಲ್ಲಿ ತೀರಿಕೊಂಡ ಬಗ್ದಾದಿನ ಇಬ್ನ್ ಮುಖ್ಲಾರ ಹೆಸರನ್ನು ಹೇಳುತ್ತಾರೆ. ಶಿಷ್ಯನ ಅಕ್ಷರ ತಪ್ಪಿದರೆ ಉಸ್ತಾದರು ಅದರ ಪಕ್ಕದಲ್ಲಿ ಚುಕ್ಕಿಗಳನ್ನಿಟ್ಟು ತೋರಿಸುತ್ತಾರೆ. “ನಿನ್ನ ಕೈ ಸರಿಯಿಲ್ಲ” ಎನ್ನುವುದಕ್ಕೂ “ಇಲ್ಲಿ ಒಂದು ಚುಕ್ಕಿ ಹೆಚ್ಚಾಗಿದೆ” ಎನ್ನುವುದಕ್ಕೂ ಎಷ್ಟು ವ್ಯತ್ಯಾಸ! ಮೊದಲನೆಯದು ಮಗುವಿಗೆ ತಾಗುತ್ತದೆ. ಎರಡನೆಯದು ಅಕ್ಷರವನ್ನು ತಿದ್ದುತ್ತದೆ.

‘ಇದು ಏನು’ ಎಂದು ಕೇಳಬೇಡಿ

ಆಕೃತಿಗಳ ಚಿತ್ರ ಕಂಡೊಡನೆ ನಾವು ಕೇಳುವ ಮೊದಲ ಪ್ರಶ್ನೆ, “ಇದು ಏನು?” ಅದು ಏನೂ ಆಗಿರಬೇಕಿಲ್ಲ. “ಈ ಆಕಾರ ಇಲ್ಲಿ ಏನು ಮಾಡುತ್ತಿದೆ?” ಎಂದು ಕೇಳಿ ನೋಡಿ. 1656ರಲ್ಲಿ ಮುಗಿದ ವಿಜಯಪುರದ ಗೋಲಗುಂಬಜ್ ನೋಡಿದವರು ಒಳಗೆ ತಲೆಯೆತ್ತಿದ್ದರೆ ನೆನಪಿರಬಹುದು. ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳ ಲೆಕ್ಕದಲ್ಲಿ ಕಮಾನುಗಳು ಹೆಣೆದುಕೊಂಡಿವೆ. ಅವು ಸುಮಾರು 44 ಮೀಟರ್ ವ್ಯಾಸದ ಗುಮ್ಮಟವನ್ನು ಹೊತ್ತಿವೆ. ನಮ್ಮ ಹುಡುಗಿಯ ನಕ್ಷತ್ರವೂ ಹಾಗೆಯೇ ಎರಡು ಚೌಕಗಳಿಂದ ಹುಟ್ಟಿದ್ದು. ಒಂದು ಚೌಕದ ನಕಲು ತೆಗೆದು 45 ಡಿಗ್ರಿ ತಿರುಗಿಸಿದರೆ ಸಾಕು. ಕಣ್ಣು ಪಳಗಿಸಲು ಅಷ್ಟು ದೂರ ಹೋಗಲೂ ಬೇಕಿಲ್ಲ. ನಮ್ಮ ಮಡಿಕೇರಿಯ ರಾಜರ ಗದ್ದಿಗೆಯ ಮುಂದೆ ಮಕ್ಕಳನ್ನು ನಿಲ್ಲಿಸಿ, ಚೌಕ ಎಲ್ಲಿ ಮುಗಿದು ಗುಮ್ಮಟದ ದುಂಡು ಎಲ್ಲಿ ಶುರುವಾಗುತ್ತದೆ ಎಂದು ಕೇಳಿ.

ಇದು ಹೊತ್ತು ಕಳೆಯುವ ಆಟವೂ ಅಲ್ಲ. ಕರಾಚಿಯಲ್ಲಿ 1937ರಲ್ಲಿ ಹುಟ್ಟಿದ ನಸ್ರೀನ್ ಮೊಹಮದಿ ಎಂಬ ಮಹಿಳೆ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾ, ಪೆನ್ಸಿಲ್ ಮತ್ತು ಶಾಯಿಯ ಗೆರೆಗಳಲ್ಲೇ ಚಿತ್ರ ಬರೆದರು. ಹೆಚ್ಚಿನವುಗಳಿಗೆ ಹೆಸರನ್ನೂ ಇಡಲಿಲ್ಲ. 1990ರಲ್ಲಿ ತೀರಿಕೊಂಡರು. 2016ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ತನ್ನ ಹೊಸ ಶಾಖೆಯನ್ನು ತೆರೆದಾಗ ಮೊದಲ ಪ್ರದರ್ಶನಗಳಲ್ಲಿ ಅವರದೂ ಒಂದಾಗಿತ್ತು.

ಹೇಗೆ ಹೇಳುವುದು?

ಮೊದಲು ಕಂಡದ್ದನ್ನು ಹೇಳಿ. “ನನ್ನ ಕಣ್ಣು ಮೊದಲು ಎಡಗಡೆಯ ಕೆಂಪಿಗೆ ಹೋಯಿತು.” ಇದು ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ. ಆಮೇಲೆ ಕೇಳಿ: “ನೀನು ಬಯಸಿದ್ದೂ ಅದನ್ನೇ ಏನಮ್ಮಾ?” ಉದ್ದೇಶ ತಿಳಿಯದೆ ತಿದ್ದಲು ಹೋದರೆ ಅವಳ ಚಿತ್ರ ಹೋಗಿ ನಮ್ಮ ಚಿತ್ರ ಬರುತ್ತದೆ. ಚೆನ್ನಾಗಿರುವುದನ್ನು ಬೆರಳಿಟ್ಟು ತೋರಿಸಿ. ಕೊನೆಗೆ ಸಲಹೆ ಒಂದೇ ಒಂದು ಇರಲಿ.

ಕಂಪ್ಯೂಟರ್ ಮತ್ತು ಮೊಬೈಲಿನ ಚಿತ್ರಕ್ಕೆ ಒಂದು ಅನುಕೂಲವಿದೆ. ಕಾಗದದಲ್ಲಿ ಬಣ್ಣ ಬಿದ್ದರೆ ಬಿದ್ದದ್ದೇ. ಇಲ್ಲಿ ಹಳೆಯದನ್ನು ಹಾಗೆಯೇ ಉಳಿಸಿ, ನಕಲಿನಲ್ಲಿ ಸಲಹೆಯನ್ನು ಪರೀಕ್ಷಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಬಣ್ಣಗಳನ್ನು ತೆಗೆದು ಕಪ್ಪು ಬಿಳುಪಿನಲ್ಲಿ ನೋಡಿದರೆ, ಎಲ್ಲ ಆಕಾರಗಳೂ ಒಂದೇ ಬೂದು ಬಣ್ಣವಾಗಿ ಕಂಡರೆ, ತಿಳಿ-ಗಾಢಗಳ ವ್ಯತ್ಯಾಸ ಸಾಲದೆಂದು ಮಗುವಿಗೇ ಗೊತ್ತಾಗುತ್ತದೆ. ಆಗ ನಾವು ತೀರ್ಪು ಹೇಳಬೇಕಾಗಿಯೇ ಇಲ್ಲ.

ಮತ್ತೆ ಅದೇ ಚಿತ್ರ

ಕೊನೆಗೆ ನಾನೇ ಅವಳನ್ನು ಕರೆದು, “ಆ ದಿನ ನಾನು ಸರಿಯಾಗಿ ನೋಡಲಿಲ್ಲಮ್ಮ, ಇನ್ನೊಮ್ಮೆ ತೋರಿಸುತ್ತೀಯಾ?” ಎಂದೆ. ಈ ಸಲ ಹತ್ತು ನಿಮಿಷ ನೋಡಿದೆ. ಬಣ್ಣಗಳೆಲ್ಲ ಒಂದೇ ಗಾಢವಾಗಿದ್ದು ಕಣ್ಣಿಗೆ ವಿಶ್ರಾಂತಿಯಿಲ್ಲ ಎಂದೆ. ಅವಳು ಅಲ್ಲೇ ಎರಡು ಬಣ್ಣಗಳನ್ನು ತಿಳಿಗೊಳಿಸಿ ನೋಡಿ ತಲೆಯಾಡಿಸಿದಳು. ಅಂಚಿನಲ್ಲಿ ನಕ್ಷತ್ರಗಳು ಅರ್ಧಕ್ಕೆ ತುಂಡಾಗಿವೆಯಲ್ಲ ಎಂದೆ.

“ಅದು ತಪ್ಪಿದ್ದಲ್ಲ ಸರ್. ಚಿತ್ರ ಅಲ್ಲಿಗೆ ಮುಗಿಯುವುದಿಲ್ಲ, ಆಚೆಗೂ ಹೋಗುತ್ತದೆ ಅಂತ ತೋರಿಸಲಿಕ್ಕೆ ಹಾಗೆ ಬಿಟ್ಟಿದ್ದೇನೆ.”

ಹಳೆಯ ಕಟ್ಟಡಗಳ ನಕಾಶೆಗಳಲ್ಲಿ ಕುಶಲಕರ್ಮಿಗಳು ಮಾಡುತ್ತಿದ್ದುದೂ ಇದನ್ನೇ. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಸಲಹೆಯನ್ನು ನಾನೇ ಹಿಂದಕ್ಕೆ ತೆಗೆದುಕೊಂಡೆ.

ತಾಯಂದಿರೇ, ಮಗು ಚಿತ್ರ ತಂದು ತೋರಿಸುವಾಗ ಒಲೆಯ ಮೇಲೆ ಅನ್ನ ಕುದಿಯುತ್ತಿರಬಹುದು. “ಅನ್ನ ಇಳಿಸಿ ಬರುತ್ತೇನೆ, ಆಮೇಲೆ ಸರಿಯಾಗಿ ನೋಡುತ್ತೇನೆ” ಎಂದರೂ ಸಾಕು. ಆದರೆ ಮರೆಯದೆ ಬಂದು ನೋಡಿ.