ಒಂದು ‘ಕಾ’ ದಾಟಲು ಒಂದು ಸೆಕೆಂಡು ಸಾಲದು!

1986ರ ಅಕ್ಟೋಬರ್. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಇದ್ದದ್ದು 400 ಗಜ. ನಡೆದರೆ ಐದು ನಿಮಿಷ. ಆ ದಾರಿಯಲ್ಲಿ ಸೆಕೆಂಡಿಗೆ 32,000 ಬಿಟ್ ಓಡುತ್ತಿದ್ದ ಮಾಹಿತಿ ಇದ್ದಕ್ಕಿದ್ದಂತೆ 40 ಬಿಟ್‌ಗೆ ಕುಸಿಯಿತು. ನಲವತ್ತು ಸಾವಿರವಲ್ಲ, ಬರೀ ನಲವತ್ತು! ಇಂದು ನಮ್ಮ ಮೊಬೈಲಿನಲ್ಲಿ ‘ಕಾ’ ಎಂಬ ಒಂದು ಅಕ್ಷರಕ್ಕೇ 48 ಬಿಟ್ ಬೇಕು. ಎಂದರೆ ಒಂದು ಸೆಕೆಂಡು ಕಳೆದರೂ ಕಾಗುಣಿತದ ಒಂದಕ್ಷರ ದಾಟದು. ‘ಕರ್ನಾಟಕ’ ಎನ್ನುವಷ್ಟರಲ್ಲಿ ನಾಲ್ಕು ಸೆಕೆಂಡು ಮೀರುತ್ತದೆ. ಇನ್ನು 4 ಎಂಬಿಯ ಒಂದು ಫೋಟೊ? ಒಂಬತ್ತು ದಿನ, ಮೇಲೆ ಆರು ಗಂಟೆ! ನವರಾತ್ರಿಯ ಮೊದಲ ದಿನ ಕಳಿಸಿದ್ದು ಕೈಸೇರುವ ಹೊತ್ತಿಗೆ ಜಂಬೂಸವಾರಿ ಹೊರಟಿರುತ್ತದೆ.

ಈ ಕುಸಿತಕ್ಕೆ ಮದ್ದು ಸಿಕ್ಕಿದ್ದು ತಂತಿಯಲ್ಲಲ್ಲ, ಮಾತುಕತೆಯ ನಿಯಮದಲ್ಲಿ, ಅಂದರೆ ಟಿಸಿಪಿ ಎಂಬ ಪ್ರೋಟೊಕಾಲ್‌ನಲ್ಲಿ. ದಾರಿ ಕಿಕ್ಕಿರಿದಾಗ ಕಳಿಸುವವನೇ ಕೈ ಬಿಗಿಹಿಡಿಯಬೇಕು ಎಂದು ವ್ಯಾನ್ ಜೇಕಬ್‌ಸನ್ ಮತ್ತು ಮೈಕ್ ಕ್ಯಾರೆಲ್ಸ್ ಅದಕ್ಕೆ ಕಲಿಸಿದರು. 1988ರ ಆ ಪಾಠವನ್ನು ಅಂತರ್ಜಾಲ ಇಂದಿಗೂ ಮರೆತಿಲ್ಲ.

ಆಮೇಲಿನ ತೊಡಕು ಹೊರೆಯದು. ‘ತಲುಪಿತು’ ಎಂಬ ಉತ್ತರ ಬರುವ ತನಕ ಹಳೆಯ ಟಿಸಿಪಿ 65,535 ಬೈಟ್‌ಗಿಂತ ಹೆಚ್ಚು ಕಳಿಸುವಂತಿರಲಿಲ್ಲ. 1992ರ ತಿದ್ದುಪಡಿ ಆ ಮಿತಿಯನ್ನು 16,384 ಪಟ್ಟು ಹಿಗ್ಗಿಸಿತು. ಒಂದು ಕಿಲೋ ಅಕ್ಕಿ ಹೊರುತ್ತಿದ್ದವನು ಒಮ್ಮೆಗೇ ಮೈಸೂರಿನ 750 ಕಿಲೋ ಚಿನ್ನದ ಅಂಬಾರಿಯಂಥ 21 ಅಂಬಾರಿಗಳನ್ನು ಹೊತ್ತಂತೆ!

ಹೊರೆ ಹೆಚ್ಚಿದರೂ ದೂರ ಕರಗಲಿಲ್ಲ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ದಾರಿಯೇ ಸುಮಾರು 14,000 ಕಿ.ಮೀ.; ಹೋಗಿಬರಲು 28,000. ಸುರಕ್ಷಿತ ಜಾಲತಾಣವೊಂದನ್ನು ತೆರೆಯಲು ಬಹುಕಾಲ ಇಂಥ ಮೂರು ಓಡಾಟ ಬೇಕಿತ್ತು: 84,000 ಕಿ.ಮೀ., ಭೂಮಿಗೆ ಎರಡು ಪ್ರದಕ್ಷಿಣೆ, ಅದೂ ಬರೀ ನಮಸ್ಕಾರ ಹೇಳಲು! 2021ರಲ್ಲಿ ಅಧಿಕೃತ ಮಾನಕವಾದ ‘ಕ್ವಿಕ್’ ಎಂಬ ಪ್ರೋಟೊಕಾಲ್ ಇದನ್ನು ಒಂದೇ ಓಡಾಟಕ್ಕೆ ಇಳಿಸಿತು. ಹಿಂದೆ ಪರಿಚಯವಾಗಿದ್ದರೆ ಓಡಾಟ ಸೊನ್ನೆ. ನಮಸ್ಕಾರದ ಜೊತೆಗೇ ವಿಷಯವೂ ಹೊರಡುತ್ತದೆ. ಷಣ್ಮುಖ ನವಿಲೇರಿ ಲೋಕ ಸುತ್ತುವಷ್ಟರಲ್ಲಿ ಗಣಪ ತಂದೆತಾಯಿಗೆ ಪ್ರದಕ್ಷಿಣೆ ಹಾಕಿ ಗೆದ್ದಂತೆ.

ಈಗ ಮಂಗಳ ಗ್ರಹಕ್ಕೆ ಬನ್ನಿ. ಅತಿ ದೂರವಿದ್ದಾಗ ಅದು 40 ಕೋಟಿ ಕಿ.ಮೀ. ಆಚೆ. ಹತ್ತು ಸಾವಿರ ಭೂಪ್ರದಕ್ಷಿಣೆ! ಬೆಳಕಿಗೇ 22 ನಿಮಿಷ ಬೇಕು. ‘ಹಲೋ’ ಎಂದರೆ ‘ಹಾಂ’ ಕೇಳಿಸುವುದು 44 ನಿಮಿಷದ ಮೇಲೆ. ಅಷ್ಟರಲ್ಲಿ ಸ್ಟವ್ ಮೇಲೆ ಬೇಳೆ ಬೆಂದು ಸಾರೂ ಕುದಿದಿರುತ್ತದೆ. ಅದಕ್ಕೇ ಉತ್ತರಕ್ಕೆ ಕಾಯದೆ, ದಾರಿ ತೆರೆಯುವ ತನಕ ಗಂಟನ್ನು ಜೋಪಾನವಾಗಿಟ್ಟುಕೊಂಡು ಮುಂದಕ್ಕೆ ದಾಟಿಸುವ ಬಂಡಲ್ ಪ್ರೋಟೊಕಾಲ್ ಹುಟ್ಟಿತು. 2024ರ ಫೆಬ್ರುವರಿಯಲ್ಲಿ ಹಾರಿದ ನಾಸಾದ ಪೇಸ್ ಉಪಗ್ರಹ ಕೆಲವೇ ತಿಂಗಳಲ್ಲಿ ಇಂಥ 3.4 ಕೋಟಿ ಗಂಟುಗಳನ್ನು ಭೂಮಿಗೆ ಕಳಿಸಿತು. ಒಂದೂ ಕಳೆಯಲಿಲ್ಲ.