ಮಾತ್ರೆಯ ಜೊತೆ ಕೊಡಬೇಕಾದ ಮಾತು

ಬೆಳಿಗ್ಗೆ ಹನ್ನೊಂದಾಗುವಷ್ಟರಲ್ಲಿ ತಾಲ್ಲೂಕು ಆಸ್ಪತ್ರೆಯ ಜನವೆಲ್ಲ ಔಷಧಿ ಕಿಟಕಿಯ ಮುಂದೆ. ಚೀಟಿ ಮಾಡಿಸುವ ಸಾಲು ಕರಗಿದೆ, ಡಾಕ್ಟರ ಕೋಣೆಯ ಮುಂದಿನದು ಅರ್ಧವಾಗಿದೆ. ಇಲ್ಲಿ ಮಾತ್ರ ಗಂಡಸರದೊಂದು, ಹೆಂಗಸರದೊಂದು ಸಾಲು ಎಕ್ಸ್‌ರೇ ಕೋಣೆಯ ಬಾಗಿಲವರೆಗೂ ಬೆಳೆದು ನಿಂತಿವೆ. ಕಂಕುಳಲ್ಲಿ ಕೂಸು, ಮುಷ್ಟಿಯಲ್ಲಿ ಬೆವರಿಗೆ ಮೆತ್ತಗಾದ ಓಪಿಡಿ ಚೀಟಿ, ಮನಸ್ಸೆಲ್ಲ ಊರಿನ ಬಸ್ಸಿನ ಮೇಲೆ.

ಒಳಗೆ ಕಬ್ಬಿಣದ ರ್‍ಯಾಕುಗಳು, ಮಾರಾಟಕ್ಕಲ್ಲ ಎಂದು ಅಚ್ಚಾದ ಪೆಟ್ಟಿಗೆಗಳು, ಮೂಲೆಯಲ್ಲಿ ಇನ್ಸುಲಿನ್ ಇಟ್ಟ ಫ್ರಿಜ್ಜು. ಅದರೊಳಗಿನ ತಂಪು 2ರಿಂದ 8 ಡಿಗ್ರಿಯ ನಡುವೆಯೇ ಇರಬೇಕು. ಫಾರ್ಮಸಿಸ್ಟ್ ಮೇಡಂ ಕೂತಿಲ್ಲ, ಕೂರಲು ಪುರುಸೊತ್ತೂ ಇಲ್ಲ.

"ಅಜ್ಜಿ, ಇಲ್ನೋಡಿ. ಈ ದೊಡ್ಡದು ಶುಗರ್‌ದು. ಊಟ ಆದ್ಮೇಲೆ ತಗೋಬೇಕು, ಬೆಳಿಗ್ಗೆ ಒಂದು, ರಾತ್ರಿ ಒಂದು. ಚಿಕ್ಕದು ಬಿಪಿದು, ಬೆಳಿಗ್ಗೆ ಮಾತ್ರ."

"ಊಟ ಮಾಡ್ದಿದ್ರೆ?"

"ಊಟ ಬಿಡ್ಬೇಡಿ ತಾಯಿ."

ಹೇಳುತ್ತಲೇ ಒಂದು ಕವರಿನ ಮೇಲೆ ಸೂರ್ಯ, ಚಂದ್ರ ಎರಡನ್ನೂ ಬಿಡಿಸಿದರು. ಇನ್ನೊಂದರ ಮೇಲೆ ಸೂರ್ಯ ಮಾತ್ರ. ಅಜ್ಜಿ ಕವರುಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಹಿಂದಿನವರು "ಬೇಗ ಬೇಗ" ಅನ್ನುತ್ತಿದ್ದರು. ಆ ಅರ್ಧ ನಿಮಿಷವನ್ನು ಯಾರೂ ಕಸಿಯಬಾರದು.

ಈ ಕಿಟಕಿಗೆ ಕಾನೂನಿನ ಬೆನ್ನಿದೆ. ವೈದ್ಯರ ಚೀಟಿ ನೋಡಿ ಔಷಧಿ ಕೊಡುವ ಕೆಲಸ ನೋಂದಾಯಿತ ಫಾರ್ಮಸಿಸ್ಟರದು ಎನ್ನುತ್ತದೆ 1948ರ ಫಾರ್ಮಸಿ ಕಾಯ್ದೆ. ಸರ್ಕಾರಿ ಆಸ್ಪತ್ರೆಗೆ ಅಂಗಡಿಯಂತೆ ಮಾರಾಟದ ಲೈಸೆನ್ಸ್ ಬೇಕಿಲ್ಲ. ಆದರೆ 1945ರ ಔಷಧ ನಿಯಮಗಳು ಆ ವಿನಾಯಿತಿ ಕೊಡುವುದೇ ಷರತ್ತಿನ ಮೇಲೆ: ಅರ್ಹರ ಉಸ್ತುವಾರಿಯಲ್ಲೇ ವಿತರಣೆಯಾಗಬೇಕು, ದಾಸ್ತಾನು ಸರಿಯಾಗಿರಬೇಕು, ತಪಾಸಣೆಗೆ ಬಾಗಿಲು ತೆರೆದಿರಬೇಕು. ರೋಗಿಗೆ ತಿಳಿಸಿ ಹೇಳುವುದೂ ಫಾರ್ಮಸಿಸ್ಟರ ಕೆಲಸವೇ ಎಂದು 2015ರ ಫಾರ್ಮಸಿ ವೃತ್ತಿ ನಿಯಮಗಳು ಬರೆದಿಟ್ಟಿವೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ನಿಯಮ ಇದೇ. ಮಾತ್ರೆ ಸರಿಯಿದ್ದೂ ನುಂಗುವುದು ತಪ್ಪಿದರೆ ಅಷ್ಟು ದೂರದಿಂದ ಬಂದು ಸಾಲಿನಲ್ಲಿ ನಿಂತದ್ದೆಲ್ಲ ನೀರು ಪಾಲು.

ಹೆಂಗಸರ ಸಾಲಿನಲ್ಲಿ ಭೇದಿಯಾಗಿ ಸೊರಗಿದ ಮಗುವಿನ ತಾಯಿ. ಓಆರ್‌ಎಸ್ ಪೊಟ್ಟಣ, ಜಿಂಕ್ ಮಾತ್ರೆ ಕೈಗೆ ಬಂದವು. "ಇಡೀ ಪೊಟ್ಟಣ ಒಂದು ಲೀಟರ್ ನೀರಿಗೆ ಒಟ್ಟಿಗೇ ಹಾಕಿ, ಲೋಟಕ್ಕೆ ಚಿಟಿಕೆ ಚಿಟಿಕೆ ಬೇಡ. ಭೇದಿ ನಿಂತ್ರೂ ಜಿಂಕ್ 14 ದಿನ ಕೊಡ್ಬೇಕು, ಚಮಚದಲ್ಲಿ ಕರಗಿಸಿ." ಎರಡನೇ ಮಾತನ್ನು ಮೇಡಂ ಎರಡು ಸಲ ಹೇಳಿದರು. ಭೇದಿ ನಿಂತ ಮೇಲೆ ಮಾತ್ರೆ ಯಾಕೆ ಎಂದು ಪಕ್ಕಕ್ಕಿಡುವುದು ಎಲ್ಲ ಮನೆಯ ಕಥೆ.

ಗಂಡಸರ ಸಾಲಿನಿಂದ ಒಬ್ಬರು ಹಳೇ ಚೀಟಿ ಚಾಚಿದರು. ಸೊಂಟನೋವಿಗೆ ಟ್ರಮಡಾಲ್, ಹೋದ ಸಲ ಬರೆದದ್ದು. "ಡಾಕ್ಟರ ಹತ್ರ ಮತ್ತೆ ಬರೆಸ್ಕೊಂಡು ಬನ್ನಿ ಅಣ್ಣ." ಅವರಿಗೆ ಸಿಟ್ಟು ಬಂತು, ಅದು ನ್ಯಾಯವೂ ಹೌದು: ಮತ್ತೆ ಆ ಸಾಲು, ಮತ್ತೆ ಕಾಯುವುದು. ಆದರೂ ನಾನು ಮೇಡಂ ಕಡೆಗೇ. ಟ್ರಮಡಾಲ್ ಅಭ್ಯಾಸ ಹಿಡಿಸುವ ಔಷಧಿ. 2014ರ ಮಾರ್ಚ್‌ನಿಂದ ಜಾರಿಗೆ ಬಂದ ಎಚ್1 ಪಟ್ಟಿಯಲ್ಲಿ ಅದೂ ಇದೆ, ಬಲವಾದ ಆ್ಯಂಟಿಬಯಾಟಿಕ್‌ಗಳೂ ಕ್ಷಯದ ಔಷಧಿಗಳೂ ಇವೆ. ಈ ಪಟ್ಟಿಯ ಔಷಧಿ ಮಾರುವ ಮೆಡಿಕಲ್ ಸ್ಟೋರಿನವರು ಬರೆದ ವೈದ್ಯರ ವಿವರ, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು.

ಕತ್ತರಿಯ ಕೆಲಸವನ್ನೂ ನೋಡಬೇಕು. ಹತ್ತರ ಸ್ಟ್ರಿಪ್ಪಿನಿಂದ ಆರು ಕತ್ತರಿಸುವಾಗ ಬ್ಯಾಚ್ ನಂಬರು, ಅವಧಿ ಮುಗಿಯುವ ತಿಂಗಳು ಅಚ್ಚಾದ ಅಂಚು ಒಂದೇ ತುಂಡಿಗೆ ಸೇರುತ್ತದೆ. ಮೇಡಂ ಆ ಅಂಚನ್ನು ತಮ್ಮ ಡಬ್ಬಿಯ ತುಂಡಿನಲ್ಲೇ ಉಳಿಸಿಕೊಂಡು, ಕೊಡುವ ಕವರಿನ ಮೇಲೆ ತಿಂಗಳು, ವರ್ಷ ಪೆನ್ನಿನಲ್ಲಿ ಬರೆದರು.

ಅಷ್ಟರಲ್ಲಿ ಸಾಲು ಇನ್ನೂ ಬೆಳೆದಿತ್ತು. ಪಕ್ಕದ ಎರಡನೇ ಕಿಟಕಿಗೆ ಬೀಗ. ಅದರ ಹಿಂದೆ ಇನ್ನೊಬ್ಬ ಫಾರ್ಮಸಿಸ್ಟ್ ನಿಂತರೆ ಅಜ್ಜಿಗೆ ಸಿಕ್ಕ ಅರ್ಧ ನಿಮಿಷ ಸಾಲಿನ ಕೊನೆಯವರಿಗೂ ಸಿಗುತ್ತದೆ. ಸರ್ಕಾರ ಮೊದಲು ಆ ಬೀಗ ತೆಗೆಸಲಿ.